ಪದಬಂಧದ ಹಿಮನಾಡುಗಳು: ‘ದೂರದ ಚಳಿ ಪ್ರದೇಶ’ ಎಂಬ ಸುಳಿವನ್ನು ಬಿಡಿಸುವ ಬಗೆ

‘ದೂರದ ಚಳಿ ಪ್ರದೇಶ (3)’. ಪತ್ರಿಕೆಯ ಪದಬಂಧ ಬಿಡಿಸುವ ಅಭ್ಯಾಸವಿರುವವರಿಗೆ ಇಂತಹ ಸುಳಿವು ಹೊಸದಲ್ಲ. ನೋಡಲು ಸುಲಭ, ಆದರೆ ಪೆನ್ನು ಕೈಗೆತ್ತಿಕೊಂಡರೆ ಗೊಂದಲ. ಮೂರು ಚೌಕಗಳಲ್ಲಿ ಲಡಾಖ್ ಕೂರುತ್ತದೆ, ಟಿಬೆಟ್ ಕೂರುತ್ತದೆ, ಕಾರ್ಗಿಲ್ ಕೂರುತ್ತದೆ, ಅಲಾಸ್ಕಾ ಕೂಡ ಕೂರುತ್ತದೆ. ಒಂದನ್ನು ಆತುರದಿಂದ ಬರೆದರೆ ಸುತ್ತಲಿನ ನಾಲ್ಕಾರು ಪದಗಳು ಕೆಡುತ್ತವೆ. ಇಂತಹ ಸುಳಿವುಗಳನ್ನು ಕ್ರಮವಾಗಿ ಬಿಡಿಸುವ ಬಗೆಯನ್ನು, ಅವುಗಳ ಹಿಂದಿರುವ ಭೂಗೋಳ ಮತ್ತು ಭಾಷೆಯ ಸಂಗತಿಗಳನ್ನು ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ. ಉದಾಹರಣೆಗೆ ನೀಡಿರುವ ಸುಳಿವುಗಳೆಲ್ಲ ವಿವರಣೆಗಾಗಿಯೇ ರಚಿಸಿದವು.

ಹಿನ್ನೆಲೆ

ಪದಬಂಧದ ಆಧುನಿಕ ರೂಪ ಮೊದಲು ಅಚ್ಚಾದದ್ದು 1913ರ ಡಿಸೆಂಬರ್ 21ರಂದು, ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ. ಅದನ್ನು ರಚಿಸಿದವರು ಲಿವರ್‌ಪೂಲ್ ಮೂಲದ ಪತ್ರಕರ್ತ ಆರ್ಥರ್ ವಿನ್. ಆ ಮೊದಲ ಪದಬಂಧ ವಜ್ರದ ಆಕಾರದಲ್ಲಿತ್ತು. ಕನ್ನಡದ ನಿಘಂಟು ತಜ್ಞ ಪ್ರೊ. ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ್ದೂ ಅದೇ 1913ರಲ್ಲಿ ಎಂಬುದು ಪದಪ್ರಿಯರು ನೆನೆಯಬಹುದಾದ ಕಾಕತಾಳೀಯ. ಕನ್ನಡದಲ್ಲಿ ದಿನಪತ್ರಿಕೆ, ವಾರಪತ್ರಿಕೆಗಳು ಈ ಆಟವನ್ನು ಮನೆಮನೆಗೆ ತಲುಪಿಸಿದವು. ಕೋಲಾರ ಜಿಲ್ಲೆಯ ಅಬ್ಬಣಿಯವರಾದ ಅ.ನಾ. ಪ್ರಹ್ಲಾದರಾವ್ ಸಾವಿರಾರು ಪದಬಂಧಗಳನ್ನು ರಚಿಸಿ ಲಿಮ್ಕಾ ದಾಖಲೆ ಪುಸ್ತಕದಲ್ಲಿ ಸ್ಥಾನ ಪಡೆದಿದ್ದಾರೆ.

ಇಂಗ್ಲಿಷಿನಲ್ಲಿ ಒಂದು ಚೌಕಕ್ಕೆ ಒಂದು ಅಕ್ಷರ ಎಂಬ ಲೆಕ್ಕ ಸರಳ. ಕನ್ನಡದಲ್ಲಿ ಹಾಗಿಲ್ಲ. ಹಿಮನಾಡುಗಳ ಸುಳಿವುಗಳಲ್ಲಿ ಎಡವುವವರ ಪೈಕಿ ಹೆಚ್ಚಿನವರು ಎಡವುವುದು ಭೂಗೋಳದಲ್ಲಲ್ಲ, ಈ ಲೆಕ್ಕದಲ್ಲಿ.

ಚೌಕದ ಲೆಕ್ಕ

ಕನ್ನಡ ಪದಬಂಧದಲ್ಲಿ ಗುಣಿತಾಕ್ಷರಕ್ಕೂ ಒತ್ತಕ್ಷರಕ್ಕೂ ಒಂದೇ ಚೌಕ. ಅನುಸ್ವಾರಕ್ಕೆ ಪ್ರತ್ಯೇಕ ಚೌಕವಿಲ್ಲ; ಅದು ಹಿಂದಿನ ಅಕ್ಷರದೊಡನೆ ಸೇರುತ್ತದೆ. ಹಾಗಾಗಿ ‘ಟುಂಡ್ರಾ’ ಉಚ್ಚಾರಣೆಯಲ್ಲಿ ಭಾರವೆನಿಸಿದರೂ ಚೌಕದಲ್ಲಿ ಎರಡೇ: ಟುಂ-ಡ್ರಾ. ‘ಅಂಟಾರ್ಕ್ಟಿಕಾ’ ಎಂಬ ಇಡೀ ಖಂಡ ನಾಲ್ಕೇ ಚೌಕಗಳಲ್ಲಿ ಅಡಗುತ್ತದೆ: ಅಂ-ಟಾ-ರ್ಕ್ಟಿ-ಕಾ. ‘ನಾರ್ವೆ’ಗೆ ಎರಡು ಸಾಕು.

ತೊಡಕು ಬರುವುದು ಪದದ ಕೊನೆಯ ಅರ್ಧಾಕ್ಷರದಲ್ಲಿ. ಲಡಾಖ್, ಟಿಬೆಟ್, ಸಿಯಾಚಿನ್, ದ್ರಾಸ್ ಇವೆಲ್ಲ ವ್ಯಂಜನಾಂತ ಪದಗಳು. ಇಂತಹ ಕೊನೆಯ ವ್ಯಂಜನಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಚೌಕ ದೊರೆಯುತ್ತದೆ. ಆದ್ದರಿಂದ ಲಡಾಖ್ ಮೂರು, ಸಿಯಾಚಿನ್ ನಾಲ್ಕು, ದ್ರಾಸ್ ಎರಡು. ಆದರೆ ‘ಖ್’ ಅಥವಾ ‘ಟ್’ ಇರುವ ಚೌಕದ ಮೂಲಕ ಮತ್ತೊಂದು ಕನ್ನಡ ಪದವನ್ನು ಹಾಯಿಸುವುದು ರಚನಕಾರನಿಗೆ ಬಲು ಕಷ್ಟ. ಅಚ್ಚಗನ್ನಡದ ಪದಗಳು ಸ್ವರಾಂತವಾಗುವುದೇ ಹೆಚ್ಚು. ಅರ್ಧಾಕ್ಷರದಿಂದ ಯಾವ ಪದವೂ ಆರಂಭವಾಗುವುದಿಲ್ಲ. ಇದರಿಂದ ಬಿಡಿಸುವವರಿಗೆ ಮೂರು ಉಪಯುಕ್ತ ಸೂಚನೆಗಳು ದೊರೆಯುತ್ತವೆ.

ಒಂದು, ಉತ್ತರದ ಕೊನೆಯ ಚೌಕವನ್ನು ಬೇರಾವ ಪದವೂ ಹಾಯದಿದ್ದರೆ ಅದು ವ್ಯಂಜನಾಂತ ಪದವಿರುವ ಸಾಧ್ಯತೆ ಹೆಚ್ಚು. ಎರಡು, ಕೊನೆಯ ಚೌಕವನ್ನು ಮತ್ತೊಂದು ಪದ ಹಾದಿದ್ದರೆ ಅಲಾಸ್ಕಾ, ಸೈಬೀರಿಯಾ, ಸ್ಪಿತಿ, ಗೋಬಿ ಮೊದಲಾದ ಸ್ವರಾಂತ ಹೆಸರುಗಳನ್ನು ಮೊದಲು ಪರಿಶೀಲಿಸಬೇಕು. ಮೂರು, ‘ಬಲದಿಂದ ಎಡಕ್ಕೆ’ ಅಥವಾ ‘ಕೆಳಗಿನಿಂದ ಮೇಲಕ್ಕೆ’ ಬರೆಯಬೇಕೆಂಬ ಸೂಚನೆಯಿದ್ದರೆ ವ್ಯಂಜನಾಂತ ಹೆಸರುಗಳನ್ನು ಬಹುಮಟ್ಟಿಗೆ ಬದಿಗಿಡಬಹುದು.

ಈ ಬರಹದ ನೆಲವಾದ ಪಾಲಾರ್ ಕೂಡ ಇದೇ ಜಾತಿಯ ಪದ: ಪಾ-ಲಾ-ರ್. ಕೊಳ್ಳೇಗಾಲದಿಂದ ಹನೂರು, ಮಲೆಮಹದೇಶ್ವರ ಬೆಟ್ಟದ ಮಾರ್ಗವಾಗಿ ಸಾಗಿ, ಬೆಟ್ಟವಿಳಿದರೆ ಸಿಗುವ ಗಡಿಯ ಊರು ಇದು. ಅಲ್ಲಿ ಕಾವೇರಿಯನ್ನು ಸೇರುವ ಹೊಳೆಯ ಹೆಸರೂ ಪಾಲಾರ್. ‘ಕರ್ನಾಟಕದಲ್ಲಿ ಹುಟ್ಟಿ ಬಂಗಾಳ ಕೊಲ್ಲಿ ಸೇರುವ ನದಿ (3)’ ಎಂದು ಕೇಳಿದರೆ ಉತ್ತರ ಪಾಲಾರ್ ಆಗಬಹುದು, ಆದರೆ ಅದು ಈ ಪಾಲಾರ್ ಅಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಆಂಧ್ರ, ತಮಿಳುನಾಡುಗಳನ್ನು ಹಾದು ಹೋಗುವ ಮತ್ತೊಂದು ನದಿ. ಹೆಸರು ಒಂದೇ, ತಾಣ ಎರಡು ಎಂಬ ಈ ಎಚ್ಚರ ಹಿಮನಾಡುಗಳ ಸುಳಿವಿಗೂ ಬೇಕು.

ಬರಹದ ರೂಪ ಯಾವುದು?

ಲಡಾಖ್, ಲಡಾಕ್, ಲದ್ದಾಖ್, ಟಿಬೆಟ್, ಟಿಬೇಟ್, ಟಿಬೆಟ್ಟು, ಸೈಬೀರಿಯ, ಸೈಬೀರಿಯಾ, ಅಂಟಾರ್ಕ್ಟಿಕಾ, ಅಂಟಾರ್ಟಿಕ. ಈ ಎಲ್ಲ ರೂಪಗಳೂ ಕನ್ನಡ ಪತ್ರಿಕೆ, ಪಠ್ಯಗಳಲ್ಲಿ ಕಾಣಸಿಗುತ್ತವೆ. ಅಂಕಿತನಾಮಗಳಿಗೆ ಎಲ್ಲರೂ ಒಪ್ಪಿದ ಒಂದೇ ಬರಹರೂಪ ಕನ್ನಡದಲ್ಲಿ ನೆಲೆಗೊಂಡಿಲ್ಲ. ಸಾಹಿತ್ಯ ಪರಿಷತ್ತಿನ ಬೃಹತ್ ಕನ್ನಡ ನಿಘಂಟೂ ದೇಶ, ಪ್ರದೇಶಗಳ ವಿದೇಶಿ ಹೆಸರುಗಳಿಗೆ ನೆರವಾಗುವ ಗ್ರಂಥವಲ್ಲ.

ಹೀಗಿರುವಾಗ ಅನುಸರಿಸಬೇಕಾದ ಕ್ರಮವೆಂದರೆ, ಯಾವ ಪತ್ರಿಕೆಯ ಪದಬಂಧವೋ ಆ ಪತ್ರಿಕೆಯ ಸುದ್ದಿಪುಟದಲ್ಲಿ ಬಳಕೆಯಲ್ಲಿರುವ ರೂಪವನ್ನು ಮೊದಲು ಬರೆಯುವುದು. ರಚನಕಾರರು ತಮ್ಮ ಪತ್ರಿಕೆಯ ಕಾಗುಣಿತವನ್ನೇ ಮಾನ್ಯ ಮಾಡುವುದು ಸಹಜ. ಹ್ರಸ್ವ-ದೀರ್ಘದ ಅನುಮಾನವಿರುವ ಚೌಕವನ್ನು ಪೆನ್ಸಿಲಿನಿಂದ ಬರೆದು, ಹಾದುಹೋಗುವ ಪದ ದೃಢವಾದ ಮೇಲೆ ಶಾಯಿ ಹಾಕುವುದು ಲೇಸು.

‘ಹಿಮ’ ಎಂದರೆ ಏನು?

ಕನ್ನಡನಾಡಿನಲ್ಲಿ ಹಿಮ ಬೀಳುವುದಿಲ್ಲ. ಹಾಗಾಗಿ ಆಡುಮಾತಿನ ‘ಮಂಜು’ ಎಂಬ ಒಂದೇ ಪದ ಇಬ್ಬನಿಗೂ, ಬೆಳಗಿನ ಕಾವಳಕ್ಕೂ, ಹಿಮಕ್ಕೂ ಸಲ್ಲುತ್ತದೆ. ಗಟ್ಟಿಯಾದುದಕ್ಕೆ ‘ಮಂಜುಗಡ್ಡೆ’ ಎನ್ನುತ್ತೇವೆ. ಮುಗಿಲಿನಿಂದ ಉದುರುವುದು ‘ಆಲಿಕಲ್ಲು’. ಸಂಸ್ಕೃತದಿಂದ ಬಂದ ಪದಗಳಾದರೋ ಹಲವು: ಹಿಮ, ತುಹಿನ, ತುಷಾರ, ನೀಹಾರ, ಪ್ರಾಲೇಯ, ಅವಶ್ಯಾಯ. ಅಮರಕೋಶ ಇವನ್ನೆಲ್ಲ ಒಂದೆಡೆ ಹೇಳುತ್ತದೆ. ಹಿಮಾಲಯವನ್ನು ‘ತುಹಿನಾದ್ರಿ’, ‘ತುಹಿನಾಚಲ’ ಎಂದು ಕೇಳುವ ಸುಳಿವುಗಳು ಈ ಕೋಶದಿಂದ ಹೊರಟವು. ‘ತುಷಾರ’ ಎಂಬುದು ಹಿಮವಷ್ಟೇ ಅಲ್ಲ, ಮಹಾಭಾರತದಲ್ಲಿ ಬರುವ ವಾಯವ್ಯದ ಆಚೆಯ ಒಂದು ಜನಾಂಗದ ಹೆಸರೂ ಹೌದು. ಕನ್ನಡ ಓದುಗರಿಗೆ ಅದು ಒಂದು ಮಾಸಪತ್ರಿಕೆಯ ಹೆಸರೂ ಹೌದು. ಮೂರು ಚೌಕಗಳ ಒಂದು ಪದಕ್ಕೆ ಮೂರು ಬಾಗಿಲು.

ಇಲ್ಲಿಯೇ ಒಂದು ತಪ್ಪನ್ನು ತಿದ್ದಿಕೊಳ್ಳಬೇಕು. ‘ಹಿಮಪಾತ’ ಎಂದರೆ ಹಿಮ ಸುರಿಯುವುದು. ಬೆಟ್ಟದ ಇಳಿಜಾರಿನಿಂದ ಹಿಮರಾಶಿ ಜರಿದು ಬೀಳುವುದು ‘ಹಿಮಕುಸಿತ’. ಮೊದಲನೆಯದಕ್ಕೆ ನಾಲ್ಕು ಚೌಕ, ಎರಡನೆಯದಕ್ಕೆ ಐದು. ಸುದ್ದಿಬರಹದಲ್ಲಿ ಇವೆರಡೂ ಬೆರೆತುಹೋಗುವುದುಂಟು. ಪದಬಂಧದಲ್ಲಿ ಬೆರೆಸಿದರೆ ಚೌಕವೇ ಒಪ್ಪುವುದಿಲ್ಲ.

ಚಾಮರಾಜನಗರ ಜಿಲ್ಲೆಯ ಎರಡು ಬೆಟ್ಟಗಳು ಈ ಬಗೆಯ ಸುಳಿವಿಗೆ ಒಳ್ಳೆಯ ಸಾಮಗ್ರಿ ಒದಗಿಸುತ್ತವೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟಕ್ಕೆ ‘ಶ್ವೇತಾದ್ರಿ’ ಎಂಬ ಸಂಸ್ಕೃತ ಹೆಸರಿದೆ. ‘ಬೆಳ್ಳಗಿನ ಬೆಟ್ಟ, ಹಿಮ ಮಾತ್ರ ಇಲ್ಲ (3)’ ಎಂದರೆ ಶ್ವೇ-ತಾ-ದ್ರಿ. ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಹೆಸರಿನಲ್ಲಿಯೇ ಹಿಮವಿದೆ. ಅಲ್ಲಿ ಕವಿಯುವುದು ಮಂಜು. ಸುಳಿವಿನಲ್ಲಿ ‘ಹಿಮ’ ಕಂಡೊಡನೆ ಉತ್ತರಕ್ಕೆ ಉತ್ತರ ದಿಕ್ಕನ್ನೇ ಹುಡುಕಬೇಕಿಲ್ಲ ಎಂಬುದಕ್ಕೆ ಇವು ಸಾಕ್ಷಿ.

ಚೌಕವಾರು ಹೆಸರುಗಳು

ಪದಬಂಧದಲ್ಲಿ ಬರಬಹುದಾದ ಪ್ರಮುಖ ಹೆಸರುಗಳನ್ನು, ಅವುಗಳನ್ನು ಗುರುತಿಸಲು ನೆರವಾಗುವ ವಿವರಗಳೊಡನೆ ಕೆಳಗೆ ಕೊಡಲಾಗಿದೆ.

ಎರಡು ಚೌಕ

ಧ್ರುವ: ಪುರಾಣದ ಬಾಲಕ, ನಕ್ಷತ್ರ, ಭೂಮಿಯ ತುದಿ. ‘ಬಾಲಕನ ತಾಣದಲ್ಲಿ ಆರು ತಿಂಗಳು ಇರುಳು’ ಎಂದರೆ ಇದೇ.
ಮೇರು: ಪುರಾಣದ ಪರ್ವತ. ಪ್ರಾಚೀನ ಖಗೋಳ ಗ್ರಂಥಗಳಲ್ಲಿ ಉತ್ತರ ಧ್ರುವದ ತಾಣ.
ಟುಂಡ್ರಾ: ಮರ ಬೆಳೆಯದ, ನೆಲದಾಳ ಸದಾ ಹೆಪ್ಪುಗಟ್ಟಿರುವ ಬಯಲು. ಇದು ಒಂದು ದೇಶದ ಹೆಸರಲ್ಲ, ನೆಲದ ಬಗೆಯ ಹೆಸರು.
ಸ್ಪಿತಿ: ಹಿಮಾಚಲ ಪ್ರದೇಶದ ಶೀತ ಮರುಭೂಮಿ. ಹೆಸರಿನ ಅರ್ಥ ‘ನಡುನಾಡು’.
ಗೋಬಿ: ಮಂಗೋಲಿಯಾ ಮತ್ತು ಚೀನಾಗಳಲ್ಲಿ ಹರಡಿದ ಶೀತ ಮರುಭೂಮಿ. ‘ತಳ್ಳುಗಾಡಿಯಲ್ಲೂ ಸಿಗುವ ಮರುಭೂಮಿ’ ಎಂದು ಕೇಳಿದರೆ ಹೂಕೋಸು ನೆನಪಾಗಲಿ.
ದ್ರಾಸ್: ಸುಮಾರು 3,300 ಮೀಟರ್ ಎತ್ತರದ ಊರು. ‘ಲಡಾಖ್‌ನ ಹೆಬ್ಬಾಗಿಲು’ ಎಂಬ ಖ್ಯಾತಿ.
ಮೈತ್ರಿ: ಅಂಟಾರ್ಕ್ಟಿಕಾದಲ್ಲಿನ ಭಾರತದ ಎರಡನೆಯ ಸಂಶೋಧನಾ ನೆಲೆ. ‘ದೇಹದ ಮುಂದೆ ಮೂರು ಸೇರಿದರೆ ಹಿಮಖಂಡದಲ್ಲಿ ಗೆಳೆತನ’ ಎಂಬುದು ಮೈ + ತ್ರಿ.

ಮೂರು ಚೌಕ

ಲಡಾಖ್: ಹೆಸರಿನ ಅರ್ಥ ‘ಕಣಿವೆದಾರಿಗಳ ನಾಡು’. ಹಳೆಯ ಪದಬಂಧ ಪುಸ್ತಕಗಳಲ್ಲಿ ಇದಕ್ಕೆ ‘ಜಮ್ಮು-ಕಾಶ್ಮೀರದ ಭಾಗ’ ಎಂಬ ಸುಳಿವು ಕಂಡರೆ ಅಚ್ಚರಿಯಿಲ್ಲ. 2019ರ ಅಕ್ಟೋಬರ್ 31ರಿಂದ ಅದು ಪ್ರತ್ಯೇಕ ಕೇಂದ್ರಾಡಳಿತ ಪ್ರದೇಶ.
ಟಿಬೆಟ್: ‘ಜಗತ್ತಿನ ಮಾಳಿಗೆ’ ಎಂದು ಹೆಸರಾದ ಪ್ರಸ್ಥಭೂಮಿ. ಸಂಸ್ಕೃತದಲ್ಲಿ ‘ಭೋಟ’.
ಕಾರ್ಗಿಲ್: 1999ರ ಯುದ್ಧದ ನೆಲ.
ಅಲಾಸ್ಕಾ: 1867ರಲ್ಲಿ ರಷ್ಯಾ ಅಮೆರಿಕೆಗೆ 72 ಲಕ್ಷ ಡಾಲರಿಗೆ ಮಾರಿದ ಪ್ರದೇಶ.
ಯುಕಾನ್: ಕೆನಡಾದ ವಾಯವ್ಯ ಮೂಲೆಯ ಪ್ರಾಂತ, ಅದೇ ಹೆಸರಿನ ನದಿ.
ಭಾರತಿ: 2012ರಲ್ಲಿ ಕಾರ್ಯಾರಂಭ ಮಾಡಿದ, ಅಂಟಾರ್ಕ್ಟಿಕಾದಲ್ಲಿನ ಭಾರತದ ಮೂರನೆಯ ನೆಲೆ. ಸರಸ್ವತಿಯ ಹೆಸರು, ಚಿತ್ರನಟಿಯ ಹೆಸರು ಎಂಬ ಸುಳಿವಿಗೂ ಇದೇ ಉತ್ತರ.
ಹಿಮಾದ್ರಿ: ಉತ್ತರ ಧ್ರುವ ವಲಯದ ಸ್ವಾಲ್ಬಾರ್ಡ್ ದ್ವೀಪಸ್ತೋಮದಲ್ಲಿ 2008ರಲ್ಲಿ ಆರಂಭವಾದ ಭಾರತದ ನೆಲೆ.

ನಾಲ್ಕು ಚೌಕ

ಸೈಬೀರಿಯಾ: ರಷ್ಯಾದ ಪೂರ್ವ ಭಾಗ. ಜಾರ್ ದೊರೆಗಳ ಕಾಲದಲ್ಲಿಯೂ ಸೋವಿಯತ್ ಕಾಲದಲ್ಲಿಯೂ ಗಡೀಪಾರಾದವರನ್ನು ಕಳುಹಿಸುತ್ತಿದ್ದ ನಾಡು. ರಷ್ಯಾದ ಈಶಾನ್ಯದ ಒಯ್ಮ್ಯಾಕೋನ್ ಎಂಬ ಊರಿನಲ್ಲಿ 1933ರಲ್ಲಿ ಶೂನ್ಯಕ್ಕಿಂತ 67.7 ಡಿಗ್ರಿ ಸೆಲ್ಸಿಯಸ್ ಕೆಳಗಿನ ಉಷ್ಣಾಂಶ ದಾಖಲಾಗಿತ್ತು.
ಮಂಚೂರಿಯಾ: ಚೀನಾದ ಈಶಾನ್ಯ ಸೀಮೆ.
ಅಂಟಾರ್ಕ್ಟಿಕಾ: ಅಲ್ಲಿನ ವೊಸ್ತೋಕ್ ನೆಲೆಯಲ್ಲಿ 1983ರ ಜುಲೈ 21ರಂದು ಶೂನ್ಯಕ್ಕಿಂತ 89.2 ಡಿಗ್ರಿ ಕೆಳಗಿನ ಉಷ್ಣಾಂಶ ದಾಖಲಾಯಿತು. ಭಾರತದ ಮೊದಲ ತಂಡ ಡಾ. ಎಸ್.ಝಡ್. ಖಾಸಿಂ ನೇತೃತ್ವದಲ್ಲಿ 1981ರ ಡಿಸೆಂಬರ್‌ನಲ್ಲಿ ಗೋವಾದಿಂದ ಹೊರಟು 1982ರ ಜನವರಿಯಲ್ಲಿ ಅಲ್ಲಿಗೆ ತಲುಪಿತು.
ಸಿಯಾಚಿನ್: ಸುಮಾರು 76 ಕಿ.ಮೀ. ಉದ್ದದ ಹಿಮನದಿ. ಬಾಲ್ತಿ ಭಾಷೆಯಲ್ಲಿ ಹೆಸರಿನ ಅರ್ಥ ಕಾಡುಗುಲಾಬಿಗಳ ತಾಣ.
ಗ್ರೀನ್‌ಲ್ಯಾಂಡ್: ಹೆಸರಿನಲ್ಲಿ ಹಸಿರು, ಮೈಯೆಲ್ಲ ಹಿಮ. ಜಗತ್ತಿನ ಅತಿದೊಡ್ಡ ದ್ವೀಪ, ಡೆನ್ಮಾರ್ಕ್ ರಾಜಸತ್ತೆಗೆ ಸೇರಿದ ಸ್ವಯಮಾಡಳಿತ ಪ್ರದೇಶ.

ಈ ಪಟ್ಟಿಯಲ್ಲಿ ಸೈಬೀರಿಯಾ ಮತ್ತು ಮಂಚೂರಿಯಾ ಎಂಬ ಜೋಡಿಯನ್ನು ವಿಶೇಷವಾಗಿ ಗಮನಿಸಬೇಕು. ಎರಡಕ್ಕೂ ನಾಲ್ಕು ಚೌಕ, ಎರಡರ ಕೊನೆಯೂ ‘ರಿಯಾ’, ಎರಡೂ ಏಷ್ಯಾದ ಚಳಿನಾಡುಗಳು. ಕೊನೆಯ ಎರಡು ಚೌಕಗಳು ತುಂಬಿದವೆಂದು ಸೈಬೀರಿಯಾ ಎಂದು ಬರೆದುಬಿಡುವುದು ಸಾಮಾನ್ಯ ತಪ್ಪು. ಮೊದಲ ಎರಡು ಚೌಕಗಳಲ್ಲಿ ಒಂದಾದರೂ ದೃಢವಾಗುವವರೆಗೆ ಕಾಯಬೇಕು.

ಟಿಬೆಟನ್ ಮೂಲದ ಹೆಸರುಗಳಲ್ಲಿ ‘ಲಾ’ ಎಂದರೆ ಕಣಿವೆದಾರಿ. ನಾಥೂಲಾ, ಜೋಜಿಲಾಗಳ ಕೊನೆಯ ಚೌಕ ಇದರಿಂದ ಮೊದಲೇ ಸಿಗುತ್ತದೆ. ‘ನಾಥೂಲಾ ಕಣಿವೆ’ ಎನ್ನುವಾಗ ಕಣಿವೆ ಎಂಬುದನ್ನು ಎರಡು ಸಲ ಹೇಳಿದಂತಾಗುತ್ತದೆ ಎಂಬುದನ್ನೂ ಇಲ್ಲಿ ನೆನೆಯಬಹುದು. ಹಾಗೆಯೇ ‘ಲಿಂಗ್’ ಎಂದು ಮುಗಿಯುವ ಹೆಸರುಗಳಲ್ಲಿ ಅದರ ಅರ್ಥ ನೆಲ, ನಾಡು ಎಂದು; ನಮ್ಮ ‘ಲಿಂಗ’ಕ್ಕೂ ಅದಕ್ಕೂ ಸಂಬಂಧವಿಲ್ಲ.

‘ದೂರದ’ ಎಂಬ ಪದದ ಮಾತು

ಇಷ್ಟು ಹೊತ್ತು ‘ಚಳಿ’ಯ ಮಾತಾಯಿತು. ‘ದೂರದ’ ಎಂಬ ವಿಶೇಷಣದ ಬಗೆಗೂ ಹೇಳಬೇಕಾದದ್ದಿದೆ. ಯಾರಿಗೆ ದೂರ ಎಂಬ ಪ್ರಶ್ನೆಯನ್ನು ಸುಳಿವು ಕೇಳುವುದಿಲ್ಲ.

ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ ಧೊಂಡೆನ್‌ಲಿಂಗ್ ಎಂಬ ಟಿಬೆಟನ್ ನಿರಾಶ್ರಿತರ ನೆಲೆಯಿದೆ. 1959ರಲ್ಲಿ ದಲೈ ಲಾಮಾ ಅವರು ಟಿಬೆಟ್ ತೊರೆದು ಭಾರತಕ್ಕೆ ಬಂದ ನಂತರ ಅವರನ್ನು ಹಿಂಬಾಲಿಸಿದ ಸಾವಿರಾರು ಜನರಿಗೆ ಕರ್ನಾಟಕ ಜಮೀನು ನೀಡಿತು. ಬೈಲಕುಪ್ಪೆ, ಮುಂಡಗೋಡ, ಹುಣಸೂರು ತಾಲ್ಲೂಕಿನ ಗುರುಪುರಗಳ ನೆಲೆಗಳಾದ ಮೇಲೆ 1970ರ ದಶಕದ ಮೊದಲ ಭಾಗದಲ್ಲಿ ಅಂದಿನ ಕೊಳ್ಳೇಗಾಲ ತಾಲ್ಲೂಕಿನ ಈ ಕಾಡಂಚಿನಲ್ಲಿ ಮತ್ತೊಂದು ನೆಲೆ ರೂಪುಗೊಂಡಿತು. ಜೋಳ ಬೆಳೆಯುವ ಹೊಲಗಳ ನಡುವೆ, 1992ರಲ್ಲಿ ದಲೈ ಲಾಮಾ ಅವರು ಉದ್ಘಾಟಿಸಿದ ಜೊಗ್ಚೆನ್ ಬೌದ್ಧಮಠವಿದೆ. ಚಳಿಗಾಲದಲ್ಲಿ ನಾಡಿನ ನಗರಗಳ ಬೀದಿಬದಿಯಲ್ಲಿ ಉಣ್ಣೆಯ ಸ್ವೆಟರ್ ಮಾರುವ ಟಿಬೆಟನ್ನರನ್ನು ನಗರವಾಸಿಗಳೆಲ್ಲ ಕಂಡಿದ್ದಾರೆ.

ಈ ನೆಲೆಗಳಲ್ಲಿ ಹುಟ್ಟಿದ ಎರಡನೆಯ, ಮೂರನೆಯ ತಲೆಮಾರಿನವರು ಟಿಬೆಟನ್ನು ಕಣ್ಣಾರೆ ಕಂಡವರಲ್ಲ. ‘ದೂರದ ಚಳಿ ಪ್ರದೇಶ’ ಅವರಿಗೆ ಅಜ್ಜ-ಅಜ್ಜಿಯರ ಊರು. ರಚನಕಾರನ ಕೈಯಲ್ಲಿ ಇಲ್ಲೊಂದು ಹೊಣೆಯೂ ಇದೆ. ಟಿಬೆಟ್‌ಗೆ ‘ದೇಶ’ ಎಂದು ಬರೆಯಬೇಕೆ, ‘ಚೀನಾದ ಪ್ರಾಂತ’ ಎಂದು ಬರೆಯಬೇಕೆ ಎಂಬುದು ಬರಿಯ ಪದದ ಆಯ್ಕೆಯಲ್ಲ. 1965ರಿಂದ ಚೀನಾ ಅದನ್ನು ಸ್ವಾಯತ್ತ ಪ್ರದೇಶವೆಂದು ಆಳುತ್ತಿದೆ. ಒಡೆಯರಪಾಳ್ಯದ ಹಿರಿಯರಿಗೆ ಅದು ಕಳೆದುಕೊಂಡ ದೇಶ. ‘ಪ್ರಸ್ಥಭೂಮಿ’ ಅಥವಾ ‘ನಾಡು’ ಎಂದು ಬರೆದರೆ ಸುಳಿವು ಕೆಡುವುದಿಲ್ಲ, ಯಾರ ಮನಸ್ಸೂ ನೋಯುವುದಿಲ್ಲ. ಬೇಕಿದ್ದರೆ ಸುಳಿವನ್ನು ತಿರುಗಿಸಿ, ‘ಹನೂರು ತಾಲ್ಲೂಕಿನಲ್ಲಿ ಹಿಮನಾಡಿನವರ ಊರು (6)’ ಎಂದು ಕೇಳಬಹುದು. ಉತ್ತರ: ಒ-ಡೆ-ಯ-ರ-ಪಾ-ಳ್ಯ.

ಸಿಯಾಚಿನ್‌ನ ಮಾತೂ ಹೀಗೆಯೇ. 1984ರ ಏಪ್ರಿಲ್ 13ರಂದು ‘ಆಪರೇಷನ್ ಮೇಘದೂತ’ ಆರಂಭವಾದಂದಿನಿಂದ ಅಲ್ಲಿ ಭಾರತೀಯ ಸೇನೆ ನಿಂತಿದೆ. 2016ರ ಫೆಬ್ರವರಿ 3ರ ಹಿಮಕುಸಿತದಲ್ಲಿ ಹೂತುಹೋಗಿ, ಆರು ದಿನಗಳ ಬಳಿಕ ಜೀವಂತವಾಗಿ ದೊರೆತು, ಫೆಬ್ರವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಧಾರವಾಡ ಜಿಲ್ಲೆಯ ಬೆಟದೂರಿನವರು. ಆ ವಾರದ ಬಳಿಕ ಕನ್ನಡಿಗರಿಗೆ ಸಿಯಾಚಿನ್ ದೂರದ ಹೆಸರಾಗಿ ಉಳಿಯಲಿಲ್ಲ.

ಹಕ್ಕಿಗಳಿಗಂತೂ ಈ ದೂರದ ಲೆಕ್ಕವೇ ಇಲ್ಲ. ಲಡಾಖ್, ಟಿಬೆಟ್, ಮಂಗೋಲಿಯಾಗಳಲ್ಲಿ ಮರಿ ಮಾಡುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೂ, ಮೈಸೂರು ಸೀಮೆಯ ಕೆರೆಗಳಿಗೂ ಚಳಿಗಾಲ ಕಳೆಯಲು ಬರುತ್ತವೆ.

ಬಿಡಿಸುವ ಕ್ರಮ: ಸಂಗ್ರಹವಾಗಿ

1. ಮೊದಲು ಚೌಕಗಳನ್ನು ಎಣಿಸಿ. ಒತ್ತಕ್ಷರ, ಅನುಸ್ವಾರಗಳಿಗೆ ಬೇರೆ ಚೌಕವಿಲ್ಲ. ಕೊನೆಯ ಅರ್ಧಾಕ್ಷರಕ್ಕೆ ಇದೆ.
2. ಕೊನೆಯ ಚೌಕವನ್ನು ಬೇರೆ ಪದ ಹಾದಿದೆಯೇ ನೋಡಿ. ಹಾದಿದ್ದರೆ ಸ್ವರಾಂತ ಹೆಸರನ್ನು ಹುಡುಕಿ.
3. ಸುಳಿವಿನ ನಾಮಪದವನ್ನು ಗಮನಿಸಿ. ಖಂಡ, ದ್ವೀಪ, ಬಯಲು, ಮರುಭೂಮಿ, ಹಿಮನದಿ, ನೆಲೆ ಇವುಗಳಲ್ಲಿ ಯಾವುದೆಂಬುದೇ ಅರ್ಧ ಉತ್ತರ.
4. ಸುಳಿವಿನಲ್ಲಿ ಅನಗತ್ಯವೆನಿಸುವ ಪದವಿದ್ದರೆ (ಬಾಲಕ, ಗೆಳೆತನ, ತಳ್ಳುಗಾಡಿ) ಅದು ಶ್ಲೇಷೆಯ ಕೀಲಿ.
5. ‘ಹಿಮ’ ಎಂಬುದು ಮಂಜೂ ಆಗಿರಬಹುದು, ಬರಿಯ ಬಿಳುಪೂ ಆಗಿರಬಹುದು. ನಮ್ಮ ನಾಡಿನ ಬೆಟ್ಟಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.
6. ಹಳೆಯ ಪುಸ್ತಕದ ಪದಬಂಧವಾದರೆ ಅದು ಅಚ್ಚಾದ ವರ್ಷವನ್ನು ನೋಡಿ. ಗಡಿಗಳೂ ಹೆಸರುಗಳೂ ಬದಲಾಗಿರುತ್ತವೆ. ಹನೂರು ಕೂಡ ಹಿಂದೆ ಕೊಳ್ಳೇಗಾಲ ತಾಲ್ಲೂಕಿನ ಭಾಗವಾಗಿತ್ತು, ಈಗ ಸ್ವತಂತ್ರ ತಾಲ್ಲೂಕು.
7. ಎರಡು ಹೆಸರುಗಳು ಸಮನಾಗಿ ಹೊಂದಿದರೆ ಎರಡನ್ನೂ ಅಂಚಿನಲ್ಲಿ ಬರೆದಿಟ್ಟು ಮುಂದಿನ ಸುಳಿವಿಗೆ ಹೋಗಿ. ಊಹೆಗಿಂತ ಹಾದುಹೋಗುವ ಪದವೇ ಪ್ರಮಾಣ.

ಈಗ ಮೊದಲಿನ ಸುಳಿವಿಗೆ ಮರಳೋಣ: ‘ದೂರದ ಚಳಿ ಪ್ರದೇಶ (3)’. ಕೊನೆಯ ಚೌಕ ತೆರೆದಿದೆ, ಅದನ್ನು ಯಾವ ಪದವೂ ಹಾದಿಲ್ಲ ಎಂದಿಟ್ಟುಕೊಳ್ಳೋಣ. ಅಲಾಸ್ಕಾ ಹಿಂದೆ ಸರಿಯುತ್ತದೆ. ಮೊದಲ ಚೌಕವನ್ನು ಹಾಯುವ ಪದದ ಸುಳಿವು ‘ಸಂತೆಯ ದಿನ ನೆರಳಿಗೆ ಕಟ್ಟುವ ಬಟ್ಟೆಯ ಬಿಡಾರ (2)’. ಅದು ಟೆಂಟ್ ಎಂದಾದರೆ ‘ಟೆ’ ಹೊಂದುವುದಿಲ್ಲ. ಡೇರೆ ಎಂದಾದರೂ ಹೊಂದುವುದಿಲ್ಲ. ಎರಡನೆಯ ಚೌಕವನ್ನು ಹಾಯುವ ಪದ ‘ಗಿರಿ’ಯ ಕನ್ನಡ ರೂಪ ‘ಬೆಟ್ಟ’, ಅದರ ಮೊದಲ ಅಕ್ಷರ ‘ಬೆ’. ಲಡಾಖ್, ಕಾರ್ಗಿಲ್ ಎರಡೂ ಬಿದ್ದುಹೋಗುತ್ತವೆ. ಬಿಡಾರದ ಪದ ಸದ್ಯಕ್ಕೆ ಸಿಗದಿದ್ದರೂ ಚಿಂತೆಯಿಲ್ಲ. ಉಳಿಯುವುದು ಟಿಬೆಟ್ ಒಂದೇ. ‘ಟಿ’ ಸಿಕ್ಕಿದ ಮೇಲೆ ಆ ಪದವನ್ನೂ ಹೊಸದಾಗಿ ಯೋಚಿಸಬಹುದು.